ಓಝೋನ್ ಒಪ್ಪಂದ: ಕಾರ್ಖಾನೆಗೆ ಬೀಗ ಬಿತ್ತು, ಗುಜರಿಗೆ ಬೀಳಲಿಲ್ಲ

ಕುಶಾಲನಗರದಲ್ಲೋ ಗೋಣಿಕೊಪ್ಪದಲ್ಲೋ ಎಸಿ ಕೊಳ್ಳಲು ಹೋದರೆ ಸ್ಟಾರ್ ಎಷ್ಟು ಅಂತ ಕೇಳಿದರೆ ಸಾಲದು, ಒಳಗೆ ತಂಪು ಮಾಡುವ ಗ್ಯಾಸ್ ಯಾವುದು ಅಂತಲೂ ನೋಡಬೇಕು. ಹಳೇ ಎಸಿಯಲ್ಲಿ ಆರ್-22, ಹೊಸದರಲ್ಲಿ ಹೆಚ್ಚಾಗಿ ಆರ್-32. ಫ್ರಿಜ್ಜಿನದ್ದೇ ಬೇರೆ. (ಕೊಡಗಿಗೆ ಎಸಿ ಯಾಕೆ ಅನ್ನುವವರು ಏಪ್ರಿಲ್‌ನಲ್ಲಿ ಹೋಂಸ್ಟೇ ನಡೆಸಿ ನೋಡಲಿ.) ಗ್ಯಾಸುಗಳು ಹೀಗೆ ಬದಲಾಗುತ್ತಾ ಬಂದದ್ದಕ್ಕೆ ದೊಡ್ಡ ಕಾರಣ ಓಝೋನ್ ಒಪ್ಪಂದ.

ಹಳೇ ಫ್ರಿಜ್ಜಿನಲ್ಲಿದ್ದ ಸಿಎಫ್‌ಸಿ (ಕ್ಲೋರೋಫ್ಲೋರೋಕಾರ್ಬನ್) ಗ್ಯಾಸ್, ಸೂರ್ಯನ ಅತಿನೇರಳೆ ಕಿರಣ ತಡೆಯುವ ಓಝೋನ್ ಪದರವನ್ನು ತಿನ್ನುತ್ತದೆ ಅಂತ 1974ರಲ್ಲಿ ವಿಜ್ಞಾನಿಗಳಾದ ಮೊಲಿನಾ ಮತ್ತು ರೋಲ್ಯಾಂಡ್ ಎಚ್ಚರಿಸಿದರು. 1985ರಲ್ಲಿ ಅಂಟಾರ್ಕ್ಟಿಕಾ ಮೇಲಿನ ತೂತು ಸುದ್ದಿಯಾಯಿತು, 1987ರಲ್ಲಿ ಇಂಥ ಗ್ಯಾಸುಗಳನ್ನು ಹಂತ ಹಂತವಾಗಿ ಇಳಿಸುವ ಮಾಂಟ್ರಿಯಲ್ ಒಪ್ಪಂದವಾಯಿತು, 1992ರಲ್ಲಿ ಭಾರತ ಸೇರಿತು. ನಮ್ಮಂಥ ದೇಶಗಳಿಗೆ ಹೆಚ್ಚು ಕಾಲಾವಕಾಶ ಸಿಕ್ಕಿತು, ಖರ್ಚಿಗೆ ನಿಧಿಯೂ ಬಂತು. ಅದಿಲ್ಲದಿದ್ದರೆ ಎಲ್ಲ ದೇಶಗಳೂ ಸಹಿ ಹಾಕುತ್ತಿದ್ದವಾ? ಅನುಮಾನ. ಅಂಟಾರ್ಕ್ಟಿಕಾ ಮೇಲಿನ ಪದರ 2066ರ ಹೊತ್ತಿಗೆ 1980ರ ಸ್ಥಿತಿಗೆ ಬರಬಹುದು ಅಂತ ವಿಜ್ಞಾನಿಗಳ ಲೆಕ್ಕ.

ತೊಡಕಿರುವುದು ರಿಪೇರಿ ಅಂಗಡಿಯಲ್ಲಿ. ಒಪ್ಪಂದ ಲೆಕ್ಕ ಹಿಡಿಯುವುದು ಎಷ್ಟು ಗ್ಯಾಸ್ ತಯಾರಾಯಿತು, ಎಷ್ಟು ಆಮದಾಯಿತು ಅಂತ. ಆಗಲೇ ಮನೆ ಸೇರಿದ ಗ್ಯಾಸಿಗೆ ಅದರಲ್ಲಿ ಮಿತಿ ಇಲ್ಲ. ಹಳೇ ಫ್ರಿಜ್ ಗುಜರಿಗೆ ಹೋದರೆ ತಾಮ್ರಕ್ಕಾಗಿ ಪೈಪ್ ಕತ್ತರಿಸುತ್ತಾರೆ. ಬುಸ್ ಅಂತ ಸದ್ದು, ಗ್ಯಾಸ್ ಗಾಳಿಗೆ. ಬಾಗಿಲಿನ ಫೋಮ್‌ನಲ್ಲಿ ಅಡಗಿದ್ದೂ ನಿಧಾನಕ್ಕೆ ಸೋರುತ್ತದೆ. ಗ್ಯಾಸ್ ಹಿಡಿದಿಡುವ ಯಂತ್ರ ಇದೆ. ಆದರೆ ಸಣ್ಣ ಅಂಗಡಿಯವರು ಅದಕ್ಕೆ ದುಡ್ಡು ಹಾಕಿದರೆ ಹುಟ್ಟುವುದು ಯಾವಾಗ? ಸಿಎಫ್‌ಸಿ ಹೋಗಿ ಆರ್-134ಎ ಬಂದಾಗ ಕಂಪ್ರೆಸರ್ ಎಣ್ಣೆಯೂ ಬದಲಾಯಿತು. ಆರ್-600ಎ ಬಂತು, ಅದು ಹೊತ್ತಿಕೊಳ್ಳುವ ಗ್ಯಾಸ್, ವೆಲ್ಡಿಂಗ್ ಮಾಡುವಾಗ ಮೈಯೆಲ್ಲಾ ಕಣ್ಣಾಗಿರಬೇಕು. ಪ್ರತಿ ಸಲ ಹೊಸ ಗೇಜು, ಹೊಸ ಪಾಠ. ಬಿಲ್ಲು ಕೊನೆಗೆ ಗಿರಾಕಿಗೆ.

ಇನ್ನೊಂದು ಎಡವಟ್ಟು: ಆರ್-134ಎ ಓಝೋನ್ ಮುಟ್ಟುವುದಿಲ್ಲ, ಆದರೆ ಇಂಗಾಲದ ಡೈಆಕ್ಸೈಡ್‌ಗಿಂತ ಸಾವಿರ ಪಟ್ಟಿಗೂ ಜಾಸ್ತಿ ಭೂಮಿಯನ್ನು ಬಿಸಿ ಮಾಡುತ್ತದೆ. ಹಾಗಾಗಿ 2016ರಲ್ಲಿ ಅದೇ ಒಪ್ಪಂದಕ್ಕೆ ಕಿಗಾಲಿ ತಿದ್ದುಪಡಿ ಬಂತು, ಭಾರತ 2021ರಲ್ಲಿ ಒಪ್ಪಿತು. ನಮಗೆ 2028ರಿಂದ ಆರ್-134ಎಯಂಥ ಗ್ಯಾಸುಗಳ ಬಳಕೆ ಏರುವಂತಿಲ್ಲ, 2032ರಿಂದ ಇಳಿಸಬೇಕು. ಓಝೋನ್ ತಿನ್ನುವ ಆರ್-22ಅನ್ನು ಹೊಸ ಎಸಿಗೆ ತುಂಬುವುದು 2024ಕ್ಕೇ ಮುಗಿಯಿತು, ರಿಪೇರಿಗೆ ಮಾತ್ರ ಇನ್ನಷ್ಟು ವರ್ಷ ಸಿಗುತ್ತದೆ. ಅಷ್ಟರಲ್ಲಿ ಹಳೇ ಗ್ಯಾಸನ್ನು ವಾಪಸ್ ತಂದುಕೊಟ್ಟವರಿಗೆ ಕಿಲೋಗೆ ಇಂತಿಷ್ಟು ಅಂತ ದುಡ್ಡು ಕೊಟ್ಟರೆ, ಪೈಪ್ ಕತ್ತರಿಸುವವರೇ ಮೊದಲು ಸಿಲಿಂಡರ್ ಹಿಡಿಯುತ್ತಾರೆ.