ಡೈಲ್ಯೂಷನ್ ಲೆಕ್ಕ: ವಿ₂ ಅಂದ್ರೆ ಸುರಿಯೋ ನೀರಲ್ಲ

ನಾಳಿದ್ದು ಪ್ರಾಕ್ಟಿಕಲ್ ಇದೆ, ತಲೇಲಿ ಇರೋವಾಗ್ಲೇ ಬರೆದಿಡ್ತಿದೀನಿ. ಡೈಲ್ಯೂಷನ್ ಅಂದ್ರೆ ದ್ರಾವಣನ ತೆಳು ಮಾಡೋದು, ಮೋಲಾರಿಟಿ ಅಂದ್ರೆ ಒಂದು ಲೀಟರ್ ದ್ರಾವಣದಲ್ಲಿ ಎಷ್ಟು ಮೋಲ್ ಪದಾರ್ಥ ಇದೆ ಅನ್ನೋದು, ಅದಕ್ಕಿಂತ ಜಾಸ್ತಿ ಹೇಳಲ್ಲ. ಎಂ₁ವಿ₁ = ಎಂ₂ವಿ₂ (ಎಂ ಮೋಲಾರಿಟಿ, ವಿ ವಾಲ್ಯೂಮ್, 1 ಅಂದ್ರೆ ಮೊದಲಿದ್ದದ್ದು, 2 ಅಂದ್ರೆ ತೆಳು ಮಾಡಿದ್ಮೇಲಿಂದು) ಕೂಡ ಎಲ್ರಿಗೂ ಬಾಯಿಪಾಠ ಆಗಿರುತ್ತೆ. ನನಗೂ ಆಗಿತ್ತು. ಆದ್ರೂ ಹೋದ ವಾರ ಲ್ಯಾಬಲ್ಲಿ ಮುಗ್ಗರಿಸಿದ್ದು ಇದ್ರಲ್ಲೇ.

2 ಮೋಲಾರ್ ಎಚ್‌ಸಿಎಲ್ (ಹೈಡ್ರೋಕ್ಲೋರಿಕ್ ಆಸಿಡ್) ಕೊಟ್ಟು 0.1 ಮೋಲಾರ್‌ದು 250 ಎಂಎಲ್ ಮಾಡ್ಕೊಳ್ಳಿ ಅಂದ್ರು. 0.1 × 250 ÷ 2 = 12.5 ಎಂಎಲ್. ಇಲ್ಲಿವರೆಗೂ ಸರಿ. ಆಮೇಲೆ ಆ 12.5 ಎಂಎಲ್‌ನ ಬೀಕರಿಗೆ ಬಿಟ್ಟು, ಮೆಷರಿಂಗ್ ಸಿಲಿಂಡರಲ್ಲಿ ಕಣ್ಣು ನೇರ ಇಟ್ಕೊಂಡು ನೀಟಾಗಿ 250 ಎಂಎಲ್ ಡಿಸ್ಟಿಲ್ಡ್ ವಾಟರ್ ಅಳೆದು ಸುರಿದೆ. ಬ್ಯೂರೆಟ್ಟಲ್ಲಿ (ಹನಿ ಹನಿಯಾಗಿ ಬಿಟ್ಟು ಅಳೆಯೋ ಗಾಜಿನ ಕೊಳವೆ) 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್, ಫ್ಲಾಸ್ಕಲ್ಲಿ ನನ್ನ ಆಸಿಡ್ 10 ಎಂಎಲ್, ಎರಡು ಹನಿ ಫಿನಾಫ್ತಲೀನ್ (ಆಸಿಡ್ ಪೂರ್ತಿ ಮುಗಿದ ಕೂಡ್ಲೇ ಗುಲಾಬಿ ಆಗೋ ಸೂಚಕ). 10ಕ್ಕೆ ಬರ್ಬೇಕಾದ ತಿಳಿ ಗುಲಾಬಿ 9.5ಕ್ಕೇ ಬಂತು. ಮೂರು ಸಲ ಮಾಡಿದ್ರೂ 9.5. ಮೂರೂ ಒಂದೇ ಬಂತಲ್ಲ ಅಂತ ಖುಷಿಯಿಂದ ತೋರ್ಸೋಕೆ ಹೋದ್ರೆ ಸರ್ ಒಂದೇ ಮಾತು ಹೇಳಿದ್ರು, "ನಿನ್ ಕೈ ಸರಿ ಐತಪ್ಪ, ಆಸಿಡ್ ಸರಿ ಇಲ್ಲ."

ತಪ್ಪು ಎಲ್ಲಿ ಅಂದ್ರೆ, ವಿ₂ ಅನ್ನೋದು ಹಾಕೋ ನೀರು ಅಲ್ಲ, ಎಲ್ಲ ಆದ್ಮೇಲೆ ಪಾತ್ರೇಲಿ ಇರೋ ಒಟ್ಟು ದ್ರಾವಣ. ನಾನು 250 ನೀರು ಹಾಕಿದ್ರಿಂದ ಒಟ್ಟು 262.5 ಆಯ್ತು. ಒಳಗಿದ್ದ ಆಸಿಡ್ ಮಾತ್ರ ಅಷ್ಟೇ, 2 × 12.5 = 25 ಮಿಲಿಮೋಲ್ (ಮೋಲಾರಿಟಿನ ಎಂಎಲ್‌ನಿಂದ ಗುಣಿಸಿದ್ರೆ ಬರೋದು, ಮೋಲ್‌ನ ಸಾವಿರದಲ್ಲೊಂದು ಪಾಲಿನ ಲೆಕ್ಕ). 25 ÷ 262.5 = 0.095. ಅದಕ್ಕೇ 9.5. ನೀರು ಎಷ್ಟೇ ಸುರೀರಿ ಈ 25 ಬದಲಾಗಲ್ಲ, ಮಜ್ಜಿಗೆಗೆ ನೀರು ಹಾಕಿದ್ರೆ ಸಪ್ಪೆ ಆಗುತ್ತೆ ಹೊರ್ತು ಒಳಗಿನ ಉಪ್ಪು ಎಲ್ಲೂ ಓಡಿಹೋಗಲ್ಲ. ನಾನೀಗ ಸೂತ್ರ ಬಿಟ್ಟು ಮೊದಲು ಮಿಲಿಮೋಲ್ ಬರ್ಕೊತೀನಿ, ಆಮೇಲೆ ಒಟ್ಟು ಎಂಎಲ್‌ನಿಂದ ಭಾಗಿಸ್ತೀನಿ, ಅಷ್ಟೇ.

ನನ್ನ ಕೇಸಲ್ಲಿ ವ್ಯತ್ಯಾಸ 5 ಪರ್ಸೆಂಟ್ ಹತ್ರ ಇತ್ತು, ಹಂಗಾಗಿ ಕಣ್ಣಿಗೆ ಬೀಳ್ಲಿಲ್ಲ. ಅದೇ 2 ಮೋಲಾರ್‌ನ 1 ಮೋಲಾರ್ ಮಾಡಿ 100 ಎಂಎಲ್ ಬೇಕು ಅಂದಾಗ 50 ಎಂಎಲ್ ಆಸಿಡ್‌ಗೆ 100 ನೀರು ಸುರಿದಿದ್ರೆ 0.67 ಬರ್ತಿತ್ತು, ಆಗ ಕ್ಲಾಸೆಲ್ಲ ನಕ್ಕಿರೋರು.

ಹಂಗಾದ್ರೆ 250ರಲ್ಲಿ 12.5 ಕಳೆದು 237.5 ನೀರು ಅಳೆದು ಹಾಕಿದ್ರಾಯ್ತಲ್ಲ ಅಂತ ಕೇಳ್ದೆ. ಬೇಡ ಅಂದ್ರು. ನೀರನ್ನ ಅಳೆಯೋದೇ ಬೇಡ, ವಾಲ್ಯುಮೆಟ್ರಿಕ್ ಫ್ಲಾಸ್ಕಿನ ಕತ್ತಲ್ಲಿರೋ ಗೆರೆ ತನಕ ತುಂಬ್ಸು. ಯಾಕಂದ್ರೆ ಎರಡು ದ್ರವ ಸೇರಿದಾಗ ವಾಲ್ಯೂಮ್ ಯಾವಾಗ್ಲೂ ಕೂಡಿದಷ್ಟೇ ಬರಲ್ಲ, 50 ಎಂಎಲ್ ಎಥೆನಾಲ್‌ಗೆ 50 ಎಂಎಲ್ ನೀರು ಸೇರ್ಸಿದ್ರೆ 100 ಬರಲ್ಲ, 96-97 ಬರುತ್ತೆ. ತೆಳು ಆಸಿಡ್‌ಗಳಲ್ಲಿ ಇದು ಲೆಕ್ಕಕ್ಕಿಲ್ಲ, ಆದ್ರೆ ಅಭ್ಯಾಸ ಗೆರೆದೇ ಇರ್ಲಿ.

ಇದನ್ನ ಚನ್ನಗಿರಿ ಕಡೆ ನಮ್ಮ ದೊಡ್ಡಪ್ಪ ಯಾವ ಬುಕ್ಕೂ ಓದದೆ ಮಾಡ್ತಾರೆ. ಅಡಿಕೆಗೆ ಬೋರ್ಡೋ (ಶಿಲೀಂಧ್ರ ರೋಗಕ್ಕೆ ಹೊಡಿಯೋ ಔಷಧಿ) ಹೊಡಿಯೋಕೆ ಒಂದು ಡ್ರಮ್ಮಲ್ಲಿ 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಇನ್ನೊಂದ್ರಲ್ಲಿ 1 ಕೆಜಿ ಸುಣ್ಣ. ಎರಡೂ ಡ್ರಮ್ಮಿಗೆ 50 ಲೀಟರಿಗೆ ಸುತ್ತ ಪೇಂಟಲ್ಲಿ ಗೆರೆ ಎಳೆದಿದಾರೆ. ಎಷ್ಟು ಕೊಡ ನೀರು ದೊಡ್ಡಪ್ಪ ಅಂದ್ರೆ "ಕೊಡ ಯಾಕ್ ಎಣಿಸ್ತೀಯೋ, ಗೆರೆ ಮುಟ್ಟಿದ್ರೆ ಪೈಪ್ ತೆಗಿ" ಅಂತಾರೆ. ಪೈಪ್ ತೆಗೆಯೋದು ತಡ ಆದ್ರೆ ಬೈಗುಳ ಬೇರೆ. ಎರಡನ್ನೂ ಸೇರ್ಸೋವರೆಗೆ ಮೈಲುತುತ್ತ 2 ಪರ್ಸೆಂಟ್, ಸೇರ್ಸಿದ್ಮೇಲೆ 100 ಲೀಟರಲ್ಲಿ ಅದೇ 1 ಕೆಜಿ, ಅಂದ್ರೆ ಹಾಕಿದ ಲೆಕ್ಕದಲ್ಲಿ 1 ಪರ್ಸೆಂಟ್. ಬೇರೆ ದ್ರಾವಣ ಸೇರಿದ್ರೂ ಅದು ನೀರು ಹಾಕಿದಂಗೇ, ಪ್ರತಿಯೊಂದೂ ತೆಳು ಆಗುತ್ತೆ. ಅಲ್ಲಿ ಸುಣ್ಣಕ್ಕೂ ತಾಮ್ರಕ್ಕೂ ರಿಯಾಕ್ಷನ್ ಆಗಿ ಬೇರೆ ಪದಾರ್ಥ ಆಗುತ್ತೆ, ಆ ಕಥೆ ಈಗ ಬೇಡ.

ಒಂದೇ ಪದಾರ್ಥದ ಎರಡು ಸ್ಟ್ರೆಂತ್ ಸೇರಿದ್ರೆ ಮಿಲಿಮೋಲ್ ಕೂಡಿ, ಎಂಎಲ್ ಕೂಡಿ, ಭಾಗಿಸಿ. 2 ಮೋಲಾರ್ 30 ಎಂಎಲ್, 0.5 ಮೋಲಾರ್ 70 ಎಂಎಲ್: 60 + 35 = 95, ಒಟ್ಟು 100, ಉತ್ತರ 0.95. ಎರಡರ ಸರಾಸರಿ 1.25 ಅಂತ ಬರೆದೋರು ನಮ್ಮ ಬೆಂಚಲ್ಲೇ ಇಬ್ರು ಇದ್ರು.

ಉಲ್ಟಾ ಕೇಳಿದ್ರೆ, ಅಂದ್ರೆ ಯಾವುದು ಎಷ್ಟು ಸೇರಿಸ್ಬೇಕು ಅಂದ್ರೆ, ನನಗೆ ಕ್ರಾಸ್ ವಿಧಾನಾನೇ ಇಷ್ಟ. ಚಿತ್ರದುರ್ಗ ಕಡೆ ಬೋರ್ ನೀರಲ್ಲಿ ಫ್ಲೋರೈಡ್ ಜಾಸ್ತಿ ಅನ್ನೋದು ಗೊತ್ತಿರೋದೇ, ಹಂಗಾಗಿ ಅದನ್ನೇ ಲೆಕ್ಕ ಮಾಡ್ಕೊಂಡೆ (ಅಂಕಿ ನಾನೇ ಇಟ್ಕೊಂಡಿದ್ದು). ಬೋರ್ ನೀರು ಲೀಟರಿಗೆ 2.4 ಮಿಲಿಗ್ರಾಂ, ಮಳೆ ತೊಟ್ಟಿ ನೀರು 0.3, ನಮಗೆ ಬೇಕಾಗಿರೋದು 1. ಎಡಕ್ಕೆ ಮೇಲೆ 2.4, ಕೆಳಗೆ 0.3, ಮಧ್ಯ 1 ಬರೆದು ಓರೆಯಾಗಿ ಕಳೀರಿ. 2.4 ಕೆಳಗೆ ಇಳಿದು 1.4 ಆಗುತ್ತೆ, 0.3 ಮೇಲೆ ಹತ್ತಿ 0.7 ಆಗುತ್ತೆ. ಬೋರ್ 0.7 ಪಾಲು, ತೊಟ್ಟಿ 1.4 ಪಾಲು, ಅಂದ್ರೆ ಒಂದಕ್ಕೆ ಎರಡು. ತಾಳೆ ನೋಡಿ: 2.4 + 0.3 + 0.3 = 3, ಭಾಗ 3, ಬಂತು 1. ನೇರ ಕಳೆದು ಅಲ್ಲೇ ಬರೆದ್ರೆ ಪಾಲು ತಿರುಗುಮುರುಗು ಆಗುತ್ತೆ, ನಾನು ಎರಡು ಸಲ ಮಾಡಿದೀನಿ. ಬರೀ ನೀರು ಸೇರಿಸೋದಾದ್ರೆ ಕೆಳಗಡೆ 0 ಇಡಿ.

ಕಾನ್ಸಂಟ್ರೇಟೆಡ್ ಬಾಟಲಿ ಕೊಟ್ರೆ ಲೇಬಲ್ ಮೇಲಿನ ಪರ್ಸೆಂಟ್ × ಡೆನ್ಸಿಟಿ × 10 ÷ ಮಾಲಿಕ್ಯುಲರ್ ವೇಟ್. ಎಚ್‌ಸಿಎಲ್‌ಗೆ 37 × 1.19 × 10 ÷ 36.5, ಸುಮಾರು 12 ಮೋಲಾರ್. ಆಸಿಡ್‌ನ ನೀರಿಗೆ ಹಾಕಿ, ನೀರನ್ನ ಆಸಿಡ್‌ಗೆ ಅಲ್ಲ, ಬಿಸಿ ಆರಿದ್ಮೇಲೇ ಗೆರೆಗೆ ತುಂಬ್ಸಿ. ಸಲ್ಫ್ಯೂರಿಕ್ ಬಂದ್ರೆ ನಾರ್ಮಾಲಿಟಿ (ಲೀಟರ್ ಆಸಿಡ್ ಕೊಡಬಲ್ಲ ಹೈಡ್ರೋಜನ್ ಅಯಾನ್‌ಗಳ ಮೋಲ್ ಲೆಕ್ಕ) ಮೋಲಾರಿಟಿಯ ಎರಡರಷ್ಟು, ಒಂದು ಕಡೆ ನಾರ್ಮಲ್ ಇನ್ನೊಂದು ಕಡೆ ಮೋಲಾರ್ ಇಡ್ಬೇಡಿ.

ಪ್ರಶ್ನೇಲಿ "50 ಎಂಎಲ್‌ಗೆ ಡೈಲ್ಯೂಟ್ ಮಾಡಿದೆ" ಅಂತಿದ್ರೆ ಒಟ್ಟು 50, "50 ಎಂಎಲ್ ನೀರು ಸೇರಿಸಿದೆ" ಅಂತಿದ್ರೆ ಮೊದ್ಲಿದ್ದಿದ್ದಕ್ಕೆ 50 ಕೂಡ್ಬೇಕು. ಎರಡನ್ನೂ 0.5 ಮೋಲಾರ್‌ನ 10 ಎಂಎಲ್ ಇಟ್ಕೊಂಡು ಮಾಡಿ ನೋಡಿ, ಮೊದಲ್ನೇದು 0.1 ಬರ್ಬೇಕು, ಎರಡ್ನೇದು 0.083.