ಗಡ್ಡೆ ತೆಗೆಸಿದ ಮೇಲೂ ಕುತ್ತಿಗೆಯಲ್ಲಿ ಮತ್ತೆ ಗಂಟು ಬಂದರೆ?

ಪ್ರಶ್ನೆ: ತಂಗಿಯ ಕುತ್ತಿಗೆಯಲ್ಲಿದ್ದ ಟಿಬಿ ಗಡ್ಡೆಯನ್ನು ಆಪರೇಷನ್ ಮಾಡಿ ತೆಗೆದರು. ಮಾತ್ರೆಗಳೂ ನಡೆಯುತ್ತಿವೆ. ಮೂರನೇ ತಿಂಗಳಲ್ಲಿ ಪಕ್ಕದಲ್ಲೇ ಇನ್ನೊಂದು ಗಂಟು ಎದ್ದಿದೆ. ಕಾಯಿಲೆ ಮರುಕಳಿಸಿತೇ? ಮತ್ತೆ ಆಪರೇಷನ್ ಬೇಕೇ?

ಉತ್ತರ: ಗಾಬರಿಯಾಗಬೇಡಿ. ಮಾತ್ರೆ ನುಂಗುತ್ತಿರುವಾಗಲೇ ಹೊಸ ಗಂಟು ಏಳುವುದು, ಇದ್ದದ್ದು ದೊಡ್ಡದಾಗುವುದು, ಕೀವು ತುಂಬುವುದು ಈ ಕಾಯಿಲೆಯಲ್ಲಿ ಅಪರೂಪವೇನಲ್ಲ. ಔಷಧಿಯಿಂದ ಸತ್ತ ರೋಗಾಣುಗಳ ಚೂರುಗಳು ಕುತ್ತಿಗೆಯ ದುಗ್ಧಗ್ರಂಥಿಯಲ್ಲೇ (ಲಿಂಫ್ ನೋಡ್; ಸೋಂಕಿನ ವಿರುದ್ಧ ಹೋರಾಡುವ ಗ್ರಂಥಿ) ಉಳಿದಿರುತ್ತವೆ. ಚೇತರಿಸಿಕೊಂಡ ರೋಗನಿರೋಧಕ ಶಕ್ತಿ ಅವುಗಳ ಮೇಲೆ ಮುಗಿಬಿದ್ದಾಗ ಗ್ರಂಥಿ ಊದಿಕೊಳ್ಳುತ್ತದೆ. ಕೋರ್ಸ್ ಮುಗಿದ ಮೇಲೂ ಕೆಲವರಿಗೆ ಹೀಗಾಗುವುದುಂಟು. ಔಷಧಿ ನಾಟುತ್ತಿಲ್ಲವೆಂದು ಈ ಹಂತದಲ್ಲಿ ಮಾತ್ರೆ ಬಿಟ್ಟುಬಿಡುವವರಿದ್ದಾರೆ. ನನಗೆ ನಿಜವಾಗಿ ಭಯವಾಗುವುದು ಗಂಟಿಗಲ್ಲ, ಅದಕ್ಕೆ.

ಇನ್ನು ಆಪರೇಷನ್ ವಿಚಾರ. ಕುತ್ತಿಗೆಯ ದುಗ್ಧಗ್ರಂಥಿಗಳು ಸರಪಳಿಯಂತೆ ಒಂದಕ್ಕೊಂದು ಕೂಡಿಕೊಂಡಿವೆ. ಕಣ್ಣಿಗೆ ಕಂಡ ಒಂದನ್ನು ತೆಗೆದರೂ ಪಕ್ಕದವುಗಳಲ್ಲಿ ರೋಗಾಣು ಅಡಗಿರಬಹುದು. ಆದ್ದರಿಂದ ಟಿಬಿ ವಾಸಿಯಾಗುವುದು ಮಾತ್ರೆಯಿಂದಲೇ. ಮಾಮೂಲಿ ಟಿಬಿಗೆ 6 ತಿಂಗಳ ಕೋರ್ಸ್. ಮೊದಲ 2 ತಿಂಗಳು ಐಸೋನಿಯಜಿಡ್, ರಿಫಾಂಪಿಸಿನ್, ಪೈರಜಿನಮೈಡ್, ಇಥಾಂಬುಟಾಲ್ ನಾಲ್ಕೂ ಇರುತ್ತವೆ, ಆಮೇಲೆ ಕಡಿಮೆಯಾಗುತ್ತವೆ. ಗಡ್ಡೆ ಪೂರ್ತಿ ತೆಗೆದಿದ್ದರೂ ಈ ಅವಧಿ ತಗ್ಗುವುದಿಲ್ಲ.

ಸೂಜಿ ಪರೀಕ್ಷೆಯಲ್ಲಿ ಸ್ಪಷ್ಟವಾಗದಾಗ ರೋಗ ಪತ್ತೆಗೆಂದು ಗ್ರಂಥಿ ತೆಗೆಯುವುದು ಸರಿ. ಔಷಧಿಗೆ ಬಗ್ಗದ ಟಿಬಿಯಲ್ಲಿ ಕೆಲವೊಮ್ಮೆ ಬೇಕಾಗುತ್ತದೆ. ಮಕ್ಕಳಲ್ಲಿ ಟಿಬಿಯ ಹತ್ತಿರದ ಸಂಬಂಧಿ ರೋಗಾಣುಗಳಿಂದ ಬರುವ ಗಡ್ಡೆಗೆ ಆಪರೇಷನ್ನೇ ಒಳ್ಳೆಯ ಚಿಕಿತ್ಸೆ. ಕೀವು ತುಂಬಿದರೆ ಸೂಜಿಯಿಂದ ಎಳೆದು ತೆಗೆಯುವುದು ಮೇಲು; ಕೊಯ್ದು ಬಿಟ್ಟರೆ ತಿಂಗಳುಗಟ್ಟಲೆ ಸೋರುವ ಗಾಯವಾಗಬಹುದು. ಭುಜ ಎತ್ತಲು ಬೇಕಾದ ನರವೂ ಇದೇ ಗ್ರಂಥಿಗಳ ನಡುವೆ ಹಾದುಹೋಗುತ್ತದೆ. ಮತ್ತೆ ಮತ್ತೆ ಕೊಯ್ದಷ್ಟೂ ಅದಕ್ಕೆ ಪೆಟ್ಟಾಗುವ ಸಂಭವ ಹೆಚ್ಚು.

ಹಾಗಾದರೆ ನಿಜವಾದ ಮರುಕಳಿಕೆಯನ್ನು ಗುರುತಿಸುವುದು ಹೇಗೆ? ಮುಟ್ಟಿ ನೋಡಿ ಹೇಳಲಾಗದು. ಗಂಟಿನಿಂದ ಸೂಜಿಯಲ್ಲಿ ಮಾದರಿ ತೆಗೆದು, ಪ್ರಯೋಗಾಲಯದಲ್ಲಿ ರೋಗಾಣು ಬೆಳೆಯುತ್ತದೆಯೇ ಎಂದು ನೋಡುವ ಕಲ್ಚರ್‌ಗೆ ಕಳಿಸಬೇಕು. ಜೀನ್‌ಎಕ್ಸ್‌ಪರ್ಟ್ ಪರೀಕ್ಷೆ ರೋಗಾಣುವಿನ ಡಿಎನ್‌ಎ ಹುಡುಕಿ ಸುಮಾರು ಎರಡು ಗಂಟೆಯಲ್ಲಿ ಫಲಿತಾಂಶ ಕೊಡುತ್ತದೆ, ರಿಫಾಂಪಿಸಿನ್ ನಾಟುತ್ತದೆಯೇ ಎಂಬುದನ್ನೂ ಹೇಳುತ್ತದೆ. ಆದರೆ ಅದು ಸತ್ತ ರೋಗಾಣುವನ್ನೂ ಹಿಡಿಯುತ್ತದೆ. ಜೀವಂತ ರೋಗಾಣು ಇದೆಯೇ ಎಂಬುದಕ್ಕೆ ಕಲ್ಚರ್‌ನ ಉತ್ತರವೇ ಬೇಕು. ಅದಕ್ಕೆ ಕೆಲವು ವಾರ ಕಾಯಬೇಕಾಗುತ್ತದೆ.

ತಂಗಿ ಮಾತ್ರೆ ಮುಂದುವರಿಸಲಿ, ಹೊಸ ಗಂಟನ್ನು ಈ ವಾರವೇ ವೈದ್ಯರಿಗೆ ತೋರಿಸಿ. ನಡುವೆ ಮಾತ್ರೆ ತಪ್ಪಿದ್ದರೆ ಮುಚ್ಚಿಡದೆ ಹೇಳಿ. ಆಪರೇಷನ್‌ನಲ್ಲಿ ತೆಗೆದ ಗಡ್ಡೆಯನ್ನು ಕಲ್ಚರ್‌ಗೆ ಕಳಿಸಿದ್ದರೇ ಎಂದು ಕೇಳಿ, ಆ ರಿಪೋರ್ಟ್ ಇದ್ದರೆ ಜೊತೆಗೆ ಒಯ್ಯಿರಿ.