ಹೊಲದ ಸುತ್ತ ಏನಿದೆ? ಪರಾಗಸ್ಪರ್ಶ ಓದುವವರಿಗೆ ಒಂದು ಟಿಪ್ಪಣಿ

ಪರಾಗಸ್ಪರ್ಶದ ಪಾಠದಲ್ಲಿ ಒಂದು ಹೂವು, ಒಂದು ಜೇನುಹುಳದ ಚಿತ್ರ ಇರುತ್ತದೆ. ಆ ಹುಳ ಎಲ್ಲಿಂದ ಬಂತು, ಎಲ್ಲಿ ಗೂಡು ಕಟ್ಟಿದೆ, ಈ ಹೂವು ಉದುರಿದ ಮೇಲೆ ಏನು ತಿನ್ನುತ್ತದೆ? ಚಿತ್ರದಲ್ಲಿ ಇದು ಸಿಗುವುದಿಲ್ಲ. ಉತ್ತರ ಇರುವುದು ಹೊಲದ ಸುತ್ತ.

ಬದನೆಯಿಂದ ಶುರು ಮಾಡೋಣ. ಬೆಳಿಗ್ಗೆ ಬಿಸಿಲು ಏರುವ ಮೊದಲು ಬದನೆ ಗಿಡದ ಮುಂದೆ ಸುಮ್ನೆ ಕೂತು ನೋಡಿ. ನೇರಳೆ ಎಸಳುಗಳ ನಡುವೆ ಹಳದಿ ಕೇಸರಗಳು ಒತ್ತೊತ್ತಾಗಿ ನಿಂತಿರುತ್ತವೆ. ಪರಾಗ ಮಾತ್ರ ಹೊರಗೆ ಕಾಣುವುದಿಲ್ಲ. ಅದು ಕೇಸರದ ಒಳಗಿದೆ, ಹೊರಬರಲು ತುದಿಯಲ್ಲಿ ಸಣ್ಣ ತೂತು ಅಷ್ಟೇ. ಮಕರಂದವೂ ಇಲ್ಲ. ಆಗ ನೀಲಿ ಪಟ್ಟೆಯ ಒಂಟಿ ಜೇನು, ಅಂದರೆ ಗುಂಪು ಕಟ್ಟದೆ ಒಂಟಿಯಾಗಿ ಗೂಡು ಮಾಡುವ ಜೇನು, ಬರುತ್ತದೆ. ಹೂವನ್ನು ತಬ್ಬಿ ಹಿಡಿದು, ಎದೆಯ ಸ್ನಾಯುಗಳನ್ನು ಜೋರಾಗಿ ನಡುಗಿಸುತ್ತದೆ. 'ಝುಂಯ್' ಎಂದು ಕೇಳಿಸುತ್ತದೆ. ಜರಡಿ ಆಡಿಸಿದಾಗ ಹಿಟ್ಟು ಉದುರುವ ಹಾಗೆ ಪರಾಗ ಅದರ ಹೊಟ್ಟೆಯ ಮೇಲೆ ಉದುರುತ್ತದೆ. ದೊಡ್ಡ ಕಪ್ಪು ದುಂಬಿಗೂ ಈ ವಿದ್ಯೆ ಗೊತ್ತು. ಪೆಟ್ಟಿಗೆಯಲ್ಲಿ ಸಾಕುವ ತುಡುವೆಗಾಗಲಿ ಹೆಜ್ಜೇನಿಗಾಗಲಿ ಇದು ಬರುವುದಿಲ್ಲ.

ಹುಳ ಬರದಿದ್ದರೂ ಬದನೆ ಒಂದಷ್ಟು ಕಾಯಿ ಕಚ್ಚುತ್ತದೆ, ನಿಜ. ಆದರೆ ಫಸಲು ಚೆನ್ನಾಗಿ ಬರಬೇಕಾದರೆ ಈ ಝೇಂಕಾರ ಬೇಕು. ಜೇನುಪೆಟ್ಟಿಗೆ ತಂದಿಟ್ಟರೆ ಇದು ಸಿಗುವುದಿಲ್ಲ. ಯಾರೂ ಸಾಕದ ಈ ಒಂಟಿ ಜೇನು, ದುಂಬಿಗಳೇ ಬರಬೇಕು. ಅವುಗಳ ಮನೆ ಎಲ್ಲಿ? ನೀಲಿ ಪಟ್ಟೆಯದು ಮಣ್ಣಿನಲ್ಲಿ, ಹಳೆಯ ಮಣ್ಣಿನ ಗೋಡೆಯಲ್ಲಿ ಗೂಡು ಕೊರೆಯುತ್ತದೆ. ದುಂಬಿ ಒಣ ಮರ, ಒಣ ಬಿದಿರು ಕೊರೆಯುತ್ತದೆ. ಬದುವನ್ನು ಉತ್ತು ಸಮ ಮಾಡಿ, ಬೇಲಿಯ ಒಣಮರ ಕಡಿದರೆ ಎರಡರ ಮನೆಯೂ ಹೋಯಿತು. ನನಗೆ ಈ ಇಡೀ ವಿಷಯದಲ್ಲಿ ಜಾಸ್ತಿ ನೋವು ಕೊಡುವ ಭಾಗ ಇದೇ. ಕಳೆದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ.

ಇನ್ನು ಊಟದ ಮಾತು. ನೂರಾರು ಎಕರೆ ಸೂರ್ಯಕಾಂತಿ ಒಟ್ಟಿಗೆ ಅರಳಿದರೆ ಜೇನಿಗೆ ಹಬ್ಬ. ಎರಡು ಮೂರು ವಾರ ಕಳೆದರೆ ಅದೇ ನೆಲದಲ್ಲಿ ಒಂದು ಹೂವೂ ಇಲ್ಲ. ಹೂವಿಲ್ಲದ ಈ ಸಮಯವನ್ನು 'ಹೂವಿನ ಬರ' ಎಂದು ಬರೆದುಕೊಳ್ಳಿ. ಒಂಟಿ ಜೇನುಗಳು ಗೂಡಿನಲ್ಲಿ ಜೇನುತುಪ್ಪ ಕೂಡಿಡುವುದಿಲ್ಲ, ಹಾಗಾಗಿ ಅವುಗಳಿಗೆ ಈ ಬರದ ಪೆಟ್ಟು ಬೇಗ ತಟ್ಟುತ್ತದೆ.

ಇದಕ್ಕೆ ಎದುರಾಗಿ ಹಳೇ ಮೈಸೂರು ಕಡೆಯ ರಾಗಿ ಹೊಲ ನೋಡಿ. ರಾಗಿಗೆ ಹುಳದ ಹಂಗಿಲ್ಲ, ತನ್ನದೇ ಪರಾಗದಿಂದ ಕಾಳು ಕಟ್ಟುತ್ತದೆ. ಆದರೆ ನಡುವೆ ಅಕ್ಕಡಿ ಸಾಲಿದೆ, ಅಂದರೆ ರಾಗಿಯ ಜೊತೆ ಬೆಳೆಯುವ ಬೇರೆ ಬೆಳೆಗಳ ಸಾಲು: ಅವರೆ, ಅಲಸಂದೆ, ತೊಗರಿ, ಸಾಸಿವೆ, ಹುಚ್ಚೆಳ್ಳು. ಹುಚ್ಚೆಳ್ಳಿನ ಗಿಡಕ್ಕೆ ಸ್ವಂತ ಪರಾಗ ಒಗ್ಗುವುದಿಲ್ಲ, ಬೇರೆ ಗಿಡದಿಂದಲೇ ಬರಬೇಕು. ಅದನ್ನು ಹೊತ್ತು ತರುವುದು ಮುಖ್ಯವಾಗಿ ಜೇನು. ಸಾಲಿನ ಒಂದು ಬೆಳೆಯ ಹೂವು ಮುಗಿಯುವಾಗ ಇನ್ನೊಂದು ಅರಳುತ್ತದೆ. ಬದುವಿನಲ್ಲಿ ತುಂಬೆ ಇದೆ. ಬೇಸಿಗೆಯಲ್ಲಿ ಬೆಳೆ ಇಲ್ಲದಾಗ ಹೊಂಗೆ, ನೇರಳೆ, ಬೇವು ಹೂಬಿಡುತ್ತವೆ. ತುಂಬೆಯನ್ನು ಕಳೆ ಎಂದು ಬದುವಿನಿಂದಲೂ ಕಿತ್ತು ಹಾಕುವುದು ತಪ್ಪು ಲೆಕ್ಕ ಎಂದೇ ನನ್ನ ಅಭಿಪ್ರಾಯ.

ಪರೀಕ್ಷೆಯಲ್ಲಿ ಎರಡು ಮಾತು ಬೆರೆಸಬೇಡಿ. ಸುತ್ತಲಿನ ನೆಲದಲ್ಲಿ ಏನೇನು ಇದೆ, ಎಷ್ಟೆಷ್ಟು ಇದೆ ಎಂಬುದು ಒಂದು. ಅದು ಹೇಗೆ ಹಂಚಿದೆ ಎಂಬುದು ಇನ್ನೊಂದು. ಹತ್ತು ಎಕರೆ ಕುರುಚಲು ಕಾಡು ಒಂದೇ ಮೂಲೆಯಲ್ಲಿರುವುದಕ್ಕೂ, ಅಷ್ಟೇ ನೆಲ ಬದು, ಬೇಲಿ, ತೋಪುಗಳಾಗಿ ಹರಡಿರುವುದಕ್ಕೂ ವ್ಯತ್ಯಾಸ ಇದೆ ಅಲ್ವಾ? ಹೆಜ್ಜೇನು ಕಿಲೋಮೀಟರ್‌ಗಟ್ಟಲೆ ಹಾರಬಲ್ಲದು. ಸಣ್ಣ ಜೇನುಗಳು ಗೂಡಿನಿಂದ ಕೆಲವು ನೂರು ಮೀಟರ್ ದಾಟುವುದು ಕಷ್ಟ. ಚಿಕ್ಕ ಹುಳಕ್ಕೆ ಹತ್ತಿರದ ಬದುವೇ ಪ್ರಪಂಚ.

ದೂರದ ಲೆಕ್ಕಕ್ಕೆ ಒಳ್ಳೆಯ ಉದಾಹರಣೆ ಕೋಸ್ಟರಿಕಾದ ಒಂದು ಕಾಫಿ ತೋಟದ ಅಧ್ಯಯನ, 2004ರಲ್ಲಿ ಪ್ರಕಟವಾದದ್ದು. ಅಲ್ಲಿದ್ದದ್ದು ಅರೇಬಿಕಾ, ಅದು ಸ್ವಂತ ಪರಾಗದಿಂದಲೂ ಕಾಯಿ ಕಟ್ಟುತ್ತದೆ. ಆದರೂ ಕಾಡಿನಿಂದ ಸುಮಾರು 1 ಕಿಲೋಮೀಟರ್ ಒಳಗಿನ ಗಿಡಗಳಲ್ಲಿ ಕಾಡಿನ ಜೇನುಗಳಿಂದಾಗಿ ಇಳುವರಿ 20% ಹೆಚ್ಚಿತ್ತು. ಎರಡರ ಬದಲು ಒಂದೇ ಬೀಜ ಕಟ್ಟಿದ ದುಂಡು ಕಾಳು, ಅಂದರೆ ಪೀಬೆರಿ, 27% ಕಡಿಮೆ. ನಮ್ಮ ಕೊಡಗಿನ ರೊಬಸ್ಟಾಗೆ ಹುಳದ ಅಗತ್ಯ ಇನ್ನೂ ಜಾಸ್ತಿ, ಏಕೆಂದರೆ ಅದಕ್ಕೂ ಹುಚ್ಚೆಳ್ಳಿನ ಹಾಗೆ ಬೇರೆ ಗಿಡದ ಪರಾಗವೇ ಬೇಕು.

ಕೀಟನಾಶಕದ ಬಗ್ಗೆ ಒಂದೇ ಮಾತು: ಹೂವಿನ ಕಾಲದಲ್ಲಿ ಬೆಳಗಿನ ಹೊತ್ತು ಸಿಂಪಡಿಸಿದರೆ ಕೆಲಸಕ್ಕೆ ಬಂದ ಹುಳದ ಮೇಲೆಯೇ ಬೀಳುತ್ತದೆ.

ಓದಿದ್ದನ್ನು ಪರೀಕ್ಷಿಸಲು ಗಡಿಯಾರ, ಪೆನ್ನು ಸಾಕು. ಬದುವಿನ ಪಕ್ಕದ ಹತ್ತು ಹೂವು ಆರಿಸಿ, 10 ನಿಮಿಷ ಬಂದುಹೋದ ಹುಳಗಳನ್ನು ಎಣಿಸಿ. ಆಮೇಲೆ ಹೊಲದ ನಡುವೆ ಹೋಗಿ ಅಷ್ಟೇ ಹೂವು, ಅಷ್ಟೇ ಹೊತ್ತು. ಹೆಸರು ತಿಳಿಯದಿದ್ದರೆ 'ಕಪ್ಪು ದೊಡ್ಡದು', 'ಪಟ್ಟೆಯದು', 'ಸಣ್ಣ ಕಪ್ಪು' ಎಂದೇ ಬರೆಯಿರಿ. ಮಾರನೇ ದಿನ ಮೊದಲು ನಡುವಿನಿಂದ ಶುರು ಮಾಡಿ. ಇಲ್ಲದಿದ್ದರೆ ಹೊತ್ತಿನ ವ್ಯತ್ಯಾಸವನ್ನೇ ಜಾಗದ ವ್ಯತ್ಯಾಸ ಅಂದುಕೊಂಡುಬಿಡುತ್ತೀರಿ.